ಮೋಟು ಮೂಗಿನ ಲಾರಿಯ ಬೆನ್ನು ಹತ್ತಿ

ಕೊಚ್ಚಿಗೆ ಹೋದವರು ಸಮುದ್ರ ನೋಡುತ್ತಾರೆ, ದೋಣಿ ಹತ್ತುತ್ತಾರೆ, ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾನು ಆರು ದಿನ ಇದ್ದು ಒಂದು ಲಾರಿಯ ಹೊಟ್ಟೆ ನೋಡಿ ಬಂದೆ. ಸಮುದ್ರ ಕಂಡದ್ದು ರೈಲಿನ ಕಿಟಕಿಯಿಂದ, ಅದೂ ತೆಂಗಿನ ಮರಗಳ ಸಂದಿಯಲ್ಲಿ. ಅದು ಸಮುದ್ರವೋ ಕೆರೆಯೋ ಎಂದು ಪಕ್ಕದವರನ್ನು ಕೇಳಿದರೆ ಅವರಿಗೆ ನನ್ನ ಮಾತು ತಿಳಿಯಲಿಲ್ಲ. ವಿಮಾನ ಹತ್ತದಿದ್ದರೂ ನನ್ನ ಪಾಲಿಗೆ ಅದು ಪರದೇಶವೇ. ನಾಲ್ಕನೇ ಕ್ಲಾಸಿನ ತನಕ ಕಲಿತ ಅಕ್ಷರ ಯಾವ ಬೋರ್ಡಿಗೂ ಉಪಯೋಗಕ್ಕೆ ಬಾರದ, ನೀರು ಕೇಳಿದರೆ ಕೆಂಪಗಿನ ಬಿಸಿನೀರು ತಂದಿಡುವ ಊರು ಪರದೇಶವಲ್ಲದೆ ಇನ್ನೇನು.

ಕಾರಣ ನನ್ನ ತಮ್ಮ ನಾರಾಯಣ. ನಾವೆಲ್ಲ ನಾಣಿ ಅನ್ನುತ್ತೇವೆ. ಎಪ್ಪತ್ತು ವರ್ಷ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು ಮನೆಯಲ್ಲಿ ಸುಮ್ಮನೆ ಕೂರಬೇಕೋ ಬೇಡವೋ. ಹಳೆಯ ಮಿಲಿಟರಿ ಗಾಡಿಗಳ ಹುಚ್ಚು ಹಿಡಿಸಿಕೊಂಡ. ದೊಡ್ಡ ಯುದ್ಧ ಮುಗಿದ ಮೇಲೆ ಸೈನ್ಯದವರು ಜೀಪು ಲಾರಿಗಳನ್ನು ಬಯಲಿನಲ್ಲಿ ರಾಶಿ ಹಾಕಿ ಹರಾಜು ಕೂಗಿದರಂತೆ. ನಮ್ಮ ಅಪ್ಪನೂ ಸೋದರಮಾವನೂ ಸೇರಿ ಒಂದು ಲಾರಿ ತಂದರು. ಕೆನಡಾ ದೇಶದಲ್ಲಿ ಮಾಡಿದ್ದು, ಬರ್ಮಾದ ಕಾಡಿಗೆಂದು ಬಂದದ್ದು ಎನ್ನುತ್ತಾನೆ ನಾಣಿ. ನಮಗೆ ಗೊತ್ತಿದ್ದದ್ದು ಅದರ ಮೂಗು ಮೋಟು ಎನ್ನುವುದಷ್ಟೇ. ಅದು ಮಧುಗಿರಿಯಲ್ಲಿ ಕಲ್ಲು ಹೊತ್ತಿತು. ಮರದ ಮೈ ಕಟ್ಟಿಸಿಕೊಂಡು ಪಾವಗಡಕ್ಕೆ ಬಸ್ಸಾಗಿ ಓಡಿತು. ಆಮೇಲೆ ಹುಣಸೆಹಣ್ಣು ಹೇರಿತು. ಚಕ್ರ ಸವೆದ ಮೇಲೆ ಎಂಜಿನ್ನಿಗೆ ಬೆಲ್ಟು ಹಾಕಿ ಕಡಲೆಕಾಯಿ ಸುಲಿಸಿದರು. ಕೊನೆಗೆ ಡ್ರೈವರ್ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು. ಯುದ್ಧದಲ್ಲಿ ಅದು ಏನು ಮಾಡಿತೋ ಕಾಣೆ, ನಮ್ಮಲ್ಲಿ ಮಾತ್ರ ಮೈಮುರಿದು ದುಡಿಯಿತು.

ಅದನ್ನು ಯುದ್ಧದಲ್ಲಿದ್ದ ಹಾಗೆಯೇ ಮಾಡುತ್ತೇನೆಂದು ನಾಣಿ ಹನ್ನೊಂದು ವರ್ಷದಿಂದ ಅದರ ಅಡಿಯಲ್ಲಿ ಮಲಗಿದ್ದಾನೆ. ಎಲ್ಲ ಆಗಿದೆ, ಒಂದು ಬಿಟ್ಟು. ಆ ಲಾರಿಯಲ್ಲಿ ಹಿಂದಿನ ಚಕ್ರದ ಜೊತೆ ಮುಂದಿನ ಚಕ್ರವೂ ಎಳೆಯಬೇಕು. ಬಯಲುಸೀಮೆಯ ರಸ್ತೆಗೆ ಅದೇಕೆ, ಸುಮ್ಮನೆ ಪೆಟ್ರೋಲು ಕುಡಿಯುತ್ತದೆ ಎಂದು ಅಪ್ಪ ಮುಂದಿನ ಚಕ್ರಗಳ ಆ ಎಳೆಯುವ ಆಕ್ಸಲ್ ಕಳಚಿ ಮಾರಿ, ಬೇರೆ ಲಾರಿಯ ಸಾದಾ ಆಕ್ಸಲ್ ಹಾಕಿಸಿಬಿಟ್ಟಿದ್ದ. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡಿದರು. ಕೇರಳದವರು ಮಾಡಲಿಲ್ಲ. ಕಾಡಿನಿಂದ ಮರ ಎಳೆಯಲು, ಬಿದ್ದ ಗಾಡಿ ಎತ್ತುವ ಕ್ರೇನಿಗೆ, ಅವರಿಗೆ ನಾಲ್ಕೂ ಚಕ್ರ ಬೇಕಿತ್ತು. ಹಾಗಾಗಿ ಅಂಥ ಆಕ್ಸಲ್ ಈಗಲೂ ಸಿಕ್ಕಿದರೆ ಅಲ್ಲೇ.

ಇಷ್ಟೇ ಆಗಿದ್ದರೆ ನಾನು ಹೋಗುತ್ತಿರಲಿಲ್ಲ. ನಾಣಿಗೆ ಸಕ್ಕರೆ ಕಾಯಿಲೆ. ಎಡಗಣ್ಣು ಹೋಗಿ ಎರಡು ವರ್ಷವಾಯಿತು. ಬಲಗಣ್ಣು ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದು ನನ್ನೆದುರಿಗೇ. ಯಾರಿಗೂ, ಹೆಂಡತಿಗೂ ಹೇಳಬೇಡ ಎಂದು ನಾಣಿ ನನ್ನಿಂದ ಮಾತು ತೆಗೆದುಕೊಂಡ. ಅವನ ಆಸೆ ಒಂದೇ. ಕಣ್ಣಿರುವಾಗ ಆ ಲಾರಿಯನ್ನು ನಾಲ್ಕೂ ಚಕ್ರ ಎಳೆಯುವ ಹಾಗೆ ಒಮ್ಮೆ ತಾನೇ ಓಡಿಸಬೇಕು. ಜೊತೆಗೆ ಹೋಗು ಎಂದರೆ ಅವನ ಹೆಂಡತಿ ಶಾರದೆ, "ಎತ್ತಿ ಆಡಿಸಿ ಹಾಳು ಮಾಡಿದೋರು ನೀವು ಅತ್ತಿಗೆ, ನೀವೇ ಹೋಗ್ಬನ್ನಿ" ಎಂದಳು. ಮಾತೇನೋ ನಿಜ.

ಆಲುವ

ಬೆಳಗ್ಗೆ ಕೊಚ್ಚಿಯ ಪಕ್ಕದ ಆಲುವದಲ್ಲಿ ಇಳಿದೆವು. ಮಳೆ. ನಾಣಿಯ ಕೈಯಲ್ಲಿ ಬ್ಯಾಗಿಗಿಂತ ಮುಖ್ಯವಾದ ಒಂದು ಸಾಮಾನಿತ್ತು. ನಾಲ್ಕಡಿ ಉದ್ದದ ತೇಗದ ರೀಪು, ಅದರ ಮೇಲೆ ಎರಡು ಕಡೆ ಕಚ್ಚು. ಅವನ ಲಾರಿಯಲ್ಲಿ ಎಡಗಡೆಯ ಸ್ಪ್ರಿಂಗಿನಿಂದ ಬಲಗಡೆಯ ಸ್ಪ್ರಿಂಗಿಗೆ ಎಷ್ಟು ದೂರವೋ ಆ ಕಚ್ಚುಗಳ ನಡುವೆ ಅಷ್ಟೇ ದೂರ. ಕೊಳ್ಳುವ ಆಕ್ಸಲ್ಲಿನ ಮೇಲೆ ಇದನ್ನಿಟ್ಟರೆ ಸರಿಯಾಗಿ ಕೂರಬೇಕು. ಟೇಪು ತಂದರೆ ಆಗುತ್ತಿರಲಿಲ್ಲವೇ ಎಂದೆ. ಕಚ್ಚಾದರೆ ಬೆರಳಿಗೆ ಸಿಗುತ್ತದೆ ಎಂದ. ರಾತ್ರಿಯಿಡೀ ರೈಲಿನಲ್ಲಿ ಆ ರೀಪು ಪಕ್ಕದ ಬರ್ತಿನವರ ಕಾಲಿಗೆ ತಿವಿದು ಬೈಸಿಕೊಂಡವಳು ನಾನು.

ನಮ್ಮನ್ನು ಕರೆಸಿದವನು ಶಾಜಿ ಎಂಬ ಗುಜರಿ ವ್ಯಾಪಾರಿ. ಆರು ವರ್ಷ ತುಮಕೂರಿನಲ್ಲಿ ಬೇಕರಿ ಇಟ್ಟಿದ್ದವನು, ಅದು ಮುಚ್ಚಿ ಊರಿಗೆ ಬಂದು ಹಳೆ ಕಬ್ಬಿಣಕ್ಕೆ ಇಳಿದಿದ್ದಾನೆ. ಕನ್ನಡ ಚೆನ್ನಾಗಿಯೇ ಆಡುತ್ತಾನೆ, ಸುಳ್ಳು ಹೇಳುವಷ್ಟು ಚೆನ್ನಾಗಿ. ಆಕ್ಸಲ್ ಬಿಚ್ಚಿ ತೊಳೆದು ಇಟ್ಟಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದ. ಅವನ ಶೆಡ್ಡಿನಲ್ಲಿ ನೋಡಿದರೆ ಯುದ್ಧದ ಕಾಲದ ಟ್ರೇಲರು ಮೀನಿನ ಗಾಡಿಯಾಗಿತ್ತು, ಮದ್ದುಗುಂಡಿನ ಪೆಟ್ಟಿಗೆಯ ಮೇಲೆ ಬೆಕ್ಕು ಮರಿ ಹಾಕಿತ್ತು. ಮೂಲೆಯಲ್ಲಿದ್ದ ಒಂದು ಆಕ್ಸಲ್ ತೋರಿಸಿದ. ನಾಣಿ ಬಗ್ಗಿ ಬೆರಳಾಡಿಸಿ, ಇದು ಜೀಪಿನದ್ದು ಎಂದ. ಶಾಜಿಗೆ ನಾಚಿಕೆಯೂ ಆಗಲಿಲ್ಲ. ನಿಜವಾದದ್ದು ಕೊಚ್ಚಿಯೊಳಗೆ ವೈಟ್ಟಿಲದಲ್ಲಿ ಔಸೇಪ್ ಚೇಟನ, ಅಂದರೆ ಔಸೇಪಣ್ಣನ, ಕ್ರೇನ್ ಲಾರಿಯ ಅಡಿಯಲ್ಲಿದೆ ಎಂದ. ಅಡಿಯಲ್ಲಿ ಎಂದರೆ, ಓಡುತ್ತಿರುವ ಲಾರಿಯ ಅಡಿಯಲ್ಲಿ.

"ಬಿಚ್ಚಿ ಇಟ್ಟಿದೀನಿ ಅಂದಿದ್ದು ಯಾರು?" ಎಂದೆ.

"ಬಿಚ್ಚೋಕೆ ಎಷ್ಟೊತ್ತು ಅಮ್ಮಾ? ಅವರು ಕೊಡ್ತೀನಿ ಅಂದಿದಾರೆ. ನೀವು ಬಂದ್ರಲ್ಲ, ಇನ್ನು ಬಿಚ್ಚೋದೇ."

ನನಗೆ ಅಲ್ಲೇ ತಿರುಗಿ ರೈಲು ಹತ್ತಬೇಕೆನಿಸಿತು. ನಾಣಿ ಆಗಲೇ ರೀಪು ಹೆಗಲಿಗಿಟ್ಟುಕೊಂಡು ಹೊರಟಾಗಿತ್ತು.

ವೈಟ್ಟಿಲ

ಮೆಟ್ರೋದಲ್ಲಿ ತಪಾಸಣೆ ಮಾಡುವ ಹುಡುಗಿ ಆ ರೀಪನ್ನು ಹಿಂದೆ ಮುಂದೆ ತಿರುಗಿಸಿ ಇದೇನು ಎಂದು ಕೇಳಿದಳು. ನಾಣಿ ತನಗೆ ಬರುವ ಹಿಂದಿಯಲ್ಲಿ ಕೆನಡಾದಿಂದ ಶುರುಮಾಡಿದ. ಹಿಂದೆ ಸಾಲು ಬೆಳೆಯಿತು. ಯಾರೂ ಬೈಯಲಿಲ್ಲ, ಅದನ್ನು ಹೇಳಬೇಕು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಅಪ್ಪ ಅಮ್ಮನನ್ನು ನೆನೆಸುತ್ತಿದ್ದರು. ಇಲ್ಲಿಯವರು ಬೈಯುವ ಬದಲು ಸಲಹೆ ಕೊಡುತ್ತಾರೆ. ಸಾಲಿನಲ್ಲಿದ್ದ ಒಬ್ಬೊಬ್ಬರೂ ಆ ಹುಡುಗಿಗೆ ಒಂದೊಂದು ಸಲಹೆ ಕೊಟ್ಟರು. ಅವಳು ಸಾಕಾಗಿ ಬಿಟ್ಟಳು.

ವೈಟ್ಟಿಲದಲ್ಲಿ ಮೇಲ್ಸೇತುವೆಯ ಹತ್ತಿರ ಲಾರಿ ನಿಲ್ಲುವ ಜಾಗ ಸಿಕ್ಕಿತು. ಲಾರಿ ಇರಲಿಲ್ಲ. ನೆಲದ ಮೇಲೆ ಎಣ್ಣೆ ಸುರಿದ ಗುರುತಿತ್ತು. ನಾಣಿ ಅದನ್ನು ಮುಟ್ಟಿ ಮೂಸಿ ಖುಷಿಪಟ್ಟ. ಪಕ್ಕದ ಚಹಾ ಅಂಗಡಿಯವನು ಎಲ್ಲಿಗೋ ಕಾರು ಎತ್ತಲು ಹೋಗಿದೆ, "ಇಪ್ಪೋ ವರುಂ" ಎಂದ. ಈಗ ಬರುತ್ತದೆ ಅಂತ. ಆ ಎರಡು ಮಾತು ನಾನು ಆರು ದಿನದಲ್ಲಿ ಎಷ್ಟು ಸಲ ಕೇಳಿದೆನೋ. ಅಲ್ಲಿಯ ಜನ ಬರುವುದಿಲ್ಲ, ಗೊತ್ತಿಲ್ಲ, ಹಾಳಾಗಿ ಹೋಗು, ಎಲ್ಲಕ್ಕೂ ಅದನ್ನೇ ಹೇಳುತ್ತಾರೆ.

ಕೂತೆವು. ಆ ಅಂಗಡಿಯವನು ಸೀಮೆಎಣ್ಣೆ ತುಂಬಿಟ್ಟುಕೊಂಡಿದ್ದದ್ದು ಸೈನ್ಯದ ಹಳೆಯ ಪೆಟ್ರೋಲ್ ಡಬ್ಬದಲ್ಲಿ. ನಾಣಿಗೆ ಅದು ಕಂಡಿತೋ, ಮೊಣಕಾಲಿಗೆ ತಗಲಿತೋ, ಎತ್ತಿ ತಿರುಗಿಸಿ ಅದರ ಬುಡದಲ್ಲಿ ಒತ್ತಿದ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರತೊಡಗಿದ. ಅಂಗಡಿಯವನು ಯಾವುದೋ ಇಲಾಖೆಯವರು ತಪಾಸಣೆಗೆ ಬಂದಿದ್ದಾರೆ ಎಂದುಕೊಂಡು ಸ್ಟೌ ಆರಿಸಿಬಿಟ್ಟ. ನನಗೆ ಬರಬೇಕಿದ್ದ ಚಹಾ ಬರಲಿಲ್ಲ. ಅವನಿಗೆ ನಾವು ಯಾರೆಂದು ತಿಳಿಸಲು ಶಾಜಿಗೆ ಫೋನು ಮಾಡಿ ಮಾತಾಡಿಸಬೇಕಾಯಿತು.

ಸಂಜೆಯ ತನಕ ಲಾರಿ ಬರಲಿಲ್ಲ. ಪಾಲಾರಿವಟ್ಟಂನ ಒಂದು ಲಾಡ್ಜಿನಲ್ಲಿ ಮಲಗಿ, ಮಾರನೆಯ ಬೆಳಗ್ಗೆ ಮತ್ತೆ ಹೋಗಿ ಕೂತೆವು. ಮಧ್ಯಾಹ್ನಕ್ಕೆ ಶಾಜಿಯ ಫೋನು. ಔಸೇಪ್ ಚೇಟನ್ ನಸುಕಿನಲ್ಲೇ ಲಾರಿ ತೆಗೆದುಕೊಂಡು ತಿರುವನಂತಪುರಕ್ಕೆ ಹೊರಟುಹೋಗಿದ್ದಾನೆ. ಪ್ರತಿ ಮಳೆಗಾಲ ಹಾಗೆಯಂತೆ. ಮಗಳನ್ನು ಕೊಟ್ಟ ಊರು, ಅಲ್ಲಿಯ ಗಲ್ಲಿಗಳು ಏರು ಇಳಿವು, ಕಿರಿದು. ದೊಡ್ಡ ಕ್ರೇನುಗಳು ತಿರುಗುವುದಿಲ್ಲ, ಈ ಮೋಟು ಲಾರಿ ತಿರುಗುತ್ತದೆ. ಇದನ್ನು ನಿನ್ನೆ ಹೇಳಲು ಏನು ರೋಗ ಎಂದು ಕೇಳಿದೆ. ಅದನ್ನು ಚೇಟನ್ ತನಗೂ ಹೇಳಿರಲಿಲ್ಲ ಎಂದ.

ಊರಿಗೆ ಹೋಗೋಣ ಎಂದೆ. ನಾಣಿ ಮಳೆಯಲ್ಲಿ ರಸ್ತೆಯ ಕಡೆ ಮುಖ ಮಾಡಿ ನಿಂತ. ಎದುರಿಗೆ ಬಂದ ಆಟೋ ಅವನಿಗೆ ಕಂಡದ್ದು ಹಾರನ್ನು ಹೊಡೆದ ಮೇಲೆ. ತೋಳು ಹಿಡಿದು ಹಿಂದಕ್ಕೆ ಎಳೆದೆ. ಎಳೆದವಳೇ ತಿರುವನಂತಪುರದ ರೈಲು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದೆ. ನನ್ನ ಬಾಯಿಂದ ಅದು ಹೇಗೆ ಬಂತೋ, ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ತಿರುವನಂತಪುರ

ಅಲ್ಲಿ ನನ್ನ ತಂಗಿಯ ಮಗಳು ಸುಧಾ ಇದ್ದಾಳೆ. ರಾಕೆಟ್ಟಿನ ಕೆಲಸದ ಒಂದು ಸಂಸ್ಥೆಯಲ್ಲಿ ಗುಮಾಸ್ತೆ, ವರ್ಗವಾಗಿ ಬಂದು ಹದಿನಾಲ್ಕು ವರ್ಷ. ಅವಳ ಮಗಳಿಗೆ ನಾನು ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಊಟ ಮಾಡ್ತೀಯಾ ಎಂದರೆ "ವೇಣ್ಡ ಅಜ್ಜಿ" ಅನ್ನುತ್ತದೆ. ಬೇಡ ಅನ್ನಲು ಅಷ್ಟು ಕಷ್ಟವೇನಿದೆ? ಅನ್ನದ ಅಗುಳು ಒಂದೊಂದೂ ಹುಣಸೆ ಬೀಜದಷ್ಟು ದಪ್ಪ. ಮುದ್ದೆ ತಿಂದ ಹೊಟ್ಟೆ ಅದನ್ನು ಒಪ್ಪಲಿಲ್ಲ.

ಔಸೇಪನ ಲಾರಿ ಎಲ್ಲಿದೆ ಎಂದು ಸುಧಾ ಫೋನು ಮಾಡಿ ಕೇಳಿದರೆ, ಅದಿನ್ನೂ ಕೊಲ್ಲಂ ದಾಟಿಲ್ಲ. ಎಂಬತ್ತು ವರ್ಷದ ಲಾರಿ, ಎತ್ತಿನ ಗಾಡಿಯ ಹಾಗೆ ಬರುತ್ತಿದೆ. ನಾವು ಅದರ ಬೆನ್ನು ಹತ್ತಿ ಹೊರಟವರು ಅದಕ್ಕಿಂತ ಮೊದಲು ಬಂದು ಕೂತಿದ್ದೆವು.

ಎರಡು ದಿನ ಕಾದೆವು. ಊಟಕ್ಕೆ ಕೂತಾಗ ನಾಣಿ ಸಾಂಬಾರನ್ನು ತಟ್ಟೆಯ ಪಕ್ಕಕ್ಕೆ ಮೇಜಿನ ಮೇಲೆ ಬಡಿಸಿಕೊಂಡ. ಸುಧಾ ನನ್ನ ಮುಖ ನೋಡಿದಳು. ನಾನು ಬಟ್ಟೆ ತಂದು ಒರೆಸಿದೆ.

ಮೂರನೆಯ ದಿನ ಬೆಳಗ್ಗೆ ಫೋನು ಬಂತು. ಸುಧಾಳ ಮನೆಯಿಂದ ಎರಡು ಮೈಲಿಯಲ್ಲಿ ಒಂದು ಗಲ್ಲಿ, ಅಲ್ಲಿ ನೀರಿನ ಟ್ಯಾಂಕರು ಚರಂಡಿಗೆ ಜಾರಿದೆ, ಔಸೇಪ್ ಎತ್ತುತ್ತಿದ್ದಾನೆ. ಸುಧಾ ರಜೆ ಹಾಕಿದಳು. ಆಟೋದಲ್ಲಿ ಹೋದೆವು.

ಗಲ್ಲಿಯಲ್ಲಿ

ಕೊನೆಗೂ ಕಂಡಿತು. ನಮ್ಮದೇ ಲಾರಿ, ಬಣ್ಣ ಮಾತ್ರ ಹಳದಿ. ಅದೇ ಮೋಟು ಮೂಗು, ಒಳಕ್ಕೆ ವಾಲಿದ ಅದೇ ಗಾಜು. ಗಾಜಿನ ಮೇಲೆ ಏಸುವಿನ ಚಿತ್ರ, ಹಿಂದೆ ಭಾರ ಎತ್ತುವ ಕಬ್ಬಿಣದ ಬೂಮು, ಮುಂದಿನ ಬಂಪರಿಗೆ ರೈಲು ಕಂಬಿ ತುಂಡು ಮಾಡಿ ಕಟ್ಟಿದ ಭಾರ. ಟ್ಯಾಂಕರಿನ ಹಿಂದಿನ ಚಕ್ರ ಚರಂಡಿಯಲ್ಲಿ, ಮೈ ಯಾರದೋ ಕಾಂಪೌಂಡಿಗೆ ಒರಗಿ ನಿಂತಿತ್ತು. ಸುತ್ತ ಐವತ್ತು ಜನ, ಐವತ್ತೂ ಜನ ಎಂಜಿನಿಯರುಗಳು. ಒಬ್ಬ ಹಗ್ಗ ಇಲ್ಲಿ ಕಟ್ಟು ಅನ್ನುತ್ತಾನೆ, ಇನ್ನೊಬ್ಬ ಅಲ್ಲಿ ಅನ್ನುತ್ತಾನೆ. ನಡುವೆ ಮುಂಡು ಎತ್ತಿ ಕಟ್ಟಿದ ಅರವತ್ತರ ಸುಮಾರಿನ ಗಂಡಸು ಯಾರ ಮಾತೂ ಕೇಳದೆ ಸರಪಳಿ ಬಿಗಿಯುತ್ತಿದ್ದ. ಅವನೇ ಔಸೇಪ್.

ಸರಪಳಿ ಎಳೆದುಕೊಂಡಿತು. ಟ್ಯಾಂಕರು ಅಲುಗಲಿಲ್ಲ. ಅದರ ಬದಲು ಲಾರಿಯ ಮುಂದಿನ ಚಕ್ರವೇ ನೆಲ ಬಿಟ್ಟು ಎದ್ದಿತು. ಔಸೇಪ್ ಏನೋ ಕೂಗಿದ. ಕೂಡಲೇ ಸಲಹೆ ಕೊಡುತ್ತಿದ್ದವರೆಲ್ಲ ಮಾತು ನಿಲ್ಲಿಸಿ ಬಂದು ಮುಂದಿನ ಬಂಪರಿನ ಮೇಲೆ ಹತ್ತಿ ಕೂತರು. ಮೀನು ಮಾರುವವನು ಕೂತ, ಬ್ಯಾಂಕಿಗೆ ಹೊರಟ ಪ್ಯಾಂಟಿನವನೂ ಕೂತ. ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಮನುಷ್ಯರ ಭಾರದಿಂದ ಮೂಗು ಕೆಳಗಿಳಿಯಬೇಕು, ಅದು ಅಲ್ಲಿಯ ಪದ್ಧತಿ. ಇನ್ನೂ ಸಾಲಲಿಲ್ಲ. ಔಸೇಪ್ ಸುತ್ತ ನೋಡಿದ, ನನ್ನನ್ನು ನೋಡಿದ, ಎತ್ತಿ ಕಟ್ಟಿದ ಮುಂಡು ಇಳಿಬಿಟ್ಟು ಮರ್ಯಾದೆಯಿಂದ ಕೈ ತೋರಿಸಿದ.

"ದೊಡ್ಡಮ್ಮ, ಕೂತ್ಕೋಬೇಕಂತೆ," ಎಂದಳು ಸುಧಾ. ಅವಳಿಗೆ ನಗು.

ನನ್ನ ತೂಕ ಎಂಬತ್ತೊಂದು. ಆಸ್ಪತ್ರೆಯಲ್ಲಿ ಅದಕ್ಕೆ ಬೈಸಿಕೊಂಡೇ ಬಂದಿದ್ದೇನೆ. ಮೀನಿನವನು ಜಾಗ ಬಿಟ್ಟ, ಇಬ್ಬರು ಕೈ ಹಿಡಿದು ಎತ್ತಿ ಕೂರಿಸಿದರು, ನಾಣಿಯೂ ನನ್ನ ಪಕ್ಕ ತೂರಿಕೊಂಡ. ಮೂಗು ಇಳಿಯಿತು. ಔಸೇಪ್ ಒಳಗೆ ಹತ್ತಿ, ದೊಡ್ಡ ಗೇರಿನ ಪಕ್ಕದಲ್ಲಿ ಮುಂದಿನ ಚಕ್ರಕ್ಕೆಂದೇ ಇರುವ ಒಂದು ಸಣ್ಣ ಗೇರು ಎಳೆದ. ನಮ್ಮ ಕಾಲ ಕೆಳಗಿನ ಚಕ್ರಗಳು ಮಣ್ಣು ಕಚ್ಚಿಕೊಂಡು ತಿರುಗಿದವು. ನಾಣಿ ಬಗ್ಗಿ ಚಕ್ರದ ಕಡೆ ಕಿವಿ ಕೊಟ್ಟಿದ್ದ. ಟ್ಯಾಂಕರು ಚರಂಡಿಯಿಂದ ಮೇಲೆ ಬಂತು. ಜನ ಇಳಿದು, ಏನೂ ಆಗದವರ ಹಾಗೆ ತಮ್ಮ ತಮ್ಮ ಕೆಲಸಕ್ಕೆ ಹೋದರು. ಹಾಗೆ ಹೋಗುವಾಗಲೂ ಒಬ್ಬ ಸರಪಳಿ ಕಟ್ಟಿದ್ದು ತಪ್ಪು ಎಂದು ಹೇಳಿಯೇ ಹೋದ. ನನ್ನ ಸೀರೆಗೆ ಗ್ರೀಸು ಹತ್ತಿತ್ತು. ಅದು ಇನ್ನೂ ಹೋಗಿಲ್ಲ.

ಔಸೇಪನ ಹೊಲ

ಔಸೇಪನ ಮಗಳ ಮನೆಯ ಹಿಂದೆ ಮರಗೆಣಸು ಕಿತ್ತ ಒಂದು ಹೊಲ. ಲಾರಿ ನಿಲ್ಲುವುದು ಅದರ ಅಂಚಿನಲ್ಲಿ. ಸುಧಾ ಎಲ್ಲ ವಿವರಿಸಿದಳು. ಔಸೇಪ್ ನಾಣಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅಳೆದುಕೊಳ್ಳಲಿ ಎಂದ. ನಾಣಿ ಗೋಣಿ ಹಾಸಿ ರೀಪಿನ ಜೊತೆ ಅಡಿಗೆ ಹೋದ.

ಬಹಳ ಹೊತ್ತು ಅವನ ಕಾಲೆರಡೇ ಕಾಣುತ್ತಿದ್ದವು. ಆಮೇಲೆ ದನಿ ಬಂತು.

"ಕೂರ್ತಾ ಇಲ್ಲ ಅಕ್ಕ."

ನಾಲ್ಕು ಬೆರಳಿನಷ್ಟು ವ್ಯತ್ಯಾಸ. ಆಕ್ಸಲ್ಲಿನ ಮೇಲೆ ಸ್ಪ್ರಿಂಗು ಕೂರುವ ಜಾಗ ಒಳಗಿದೆ, ನಾಣಿಯ ಕಚ್ಚು ಹೊರಗಿದೆ. ಹೊರಗೆ ಬಂದು ಮಣ್ಣಿನಲ್ಲೇ ಕೂತ. ಇದು ಬೇರೆ ಮಾದರಿಯದ್ದು, ಹನ್ನೊಂದು ವರ್ಷ ದಂಡ ಎಂದ. ಔಸೇಪ್ ಇದು ಅದೇ ಮಾದರಿ ಎಂದು ಬಾನೆಟ್ಟು ತಟ್ಟಿ ಹೇಳಿದ. ನಾಣಿ ಕೇಳುವ ಸ್ಥಿತಿಯಲ್ಲಿರಲಿಲ್ಲ.

ನನಗೆ ಆಗ ಹೊಳೆಯಿತು. ಹೊಳೆಯಲು ಅದೇನು ವಿದ್ಯೆಯಲ್ಲ, ಕಂಡದ್ದು. ಅಪ್ಪ ಆಕ್ಸಲ್ ಬದಲಿಸಿದಾಗ ನನಗೆ ಏಳು ವರ್ಷ, ನಾಣಿ ತೊಟ್ಟಿಲಿನಲ್ಲಿದ್ದ. ಅಪ್ಪ ಹಾಕಿಸಿದ ಸಾದಾ ಆಕ್ಸಲ್ಲಿಗೆ ಸ್ಪ್ರಿಂಗು ಕೂರುವ ಜಾಗ ಅಗಲವಿತ್ತು. ಹಾಗಾಗಿ ಕುಲುಮೆಯ ಆಚಾರಿ ಚಾಸಿಯ ಅಡಿಯಲ್ಲಿದ್ದ ಸ್ಪ್ರಿಂಗ್ ಬ್ರಾಕೆಟ್ಟುಗಳನ್ನು ಕಿತ್ತು, ಎರಡು ಕಡೆಯೂ ಹೊರಕ್ಕೆ ಸರಿಸಿ ಹೊಸ ತೂತಿಗೆ ಕೂರಿಸಿದ. ಹಳೆಯ ತೂತುಗಳಿಗೆ ಕಬ್ಬಿಣದ ಬಿರಡೆ ಕಾಯಿಸಿ ಬಡಿದು ಮುಚ್ಚಿದ. ಎರಡು ದಿನ ತಿದಿ ಒತ್ತಿದವಳು ನಾನು. ನಾಣಿ ಅಳತೆ ತೆಗೆದದ್ದು ಆಚಾರಿ ಮಾಡಿದ ಜಾಗದಿಂದ, ಕೆನಡಾದವರು ಮಾಡಿದ ಜಾಗದಿಂದಲ್ಲ.

ಹೇಳಿದೆ. ನಂಬಲಿಲ್ಲ.

"ಹನ್ನೊಂದು ವರ್ಷದಿಂದ ಅದರಡಿ ಮಲಗಿರೋನು ನಾನು. ತೂತಿದ್ರೆ ನಂಗೆ ಕಾಣ್ತಿರ್ಲಿಲ್ವಾ?"

"ಪುಟ್ಟಿ ಮೆತ್ತಿ ಬಣ್ಣ ಬಳ್ದೋನೂ ನೀನೇ ಅಲ್ವಾ? ಇಷ್ಟು ವರ್ಷದಲ್ಲಿ ಒಂದು ಸಲ ನನ್ನ ಕೇಳಿದ್ಯಾ?"

ಕೇಳಿರಲಿಲ್ಲ. ನಾಲ್ಕನೇ ಕ್ಲಾಸಿನ ಹೆಂಗಸನ್ನು ಲಾರಿಯ ವಿಷಯ ಯಾರು ಕೇಳುತ್ತಾರೆ. ಸುಧಾ ಮಧುಗಿರಿಗೆ ವಿಡಿಯೋ ಫೋನು ಹಚ್ಚಿದಳು. ಶಾರದೆ ಅಡುಗೆಮನೆಯಲ್ಲಿದ್ದಳು. ಲಾರಿಯ ಅಡಿಗೆ ಹೋಗಿ ಬಣ್ಣ ಕೆರೆಯಬೇಕು ಎಂದಾಗ ಅವಳು ಹೇಳಿದ ಮಾತುಗಳನ್ನು ಬರೆಯುವುದಿಲ್ಲ. ಆದರೂ ಹೋದಳು, ಕೈಯಲ್ಲಿದ್ದ ದೋಸೆ ಮಗುಚುವ ಕೈಯನ್ನೇ ತೆಗೆದುಕೊಂಡು ಹೋದಳು. ಫೋನಿನಲ್ಲಿ ಕರ ಕರ ಸದ್ದು. ನಾಣಿ ಇತ್ತ, ಮೆತ್ತಗೆ, ಮೆತ್ತಗೆ, ಎಂದು ಹಲ್ಲು ಕಡಿಯುತ್ತಿದ್ದ.

"ಏನೋ ಗುಂಡಗೆ ಕಾಣ್ತಿದೆ, ನೋಡಿ," ಎಂದಳು ಶಾರದೆ.

ಸುಧಾ ಫೋನನ್ನು ನಾಣಿಯ ಮುಖದ ಮುಂದೆ ಹಿಡಿದಳು. ಅವನು ನೋಡಿದ. ಕೈಯಲ್ಲಿ ತೆಗೆದುಕೊಂಡು ಹತ್ತಿರ ಹಿಡಿದ, ದೂರ ಹಿಡಿದ, ಓರೆ ಮಾಡಿದ. ಆಮೇಲೆ ನನ್ನ ಕೈಗೆ ಕೊಟ್ಟ.

"ನೀನೇ ನೋಡಿ ಹೇಳಕ್ಕ. ಸುತ್ತ ಸುತ್ತಿಗೆ ಗುರುತಿದೆಯಾ?"

ಇತ್ತು. ಅಂಗೈಯಗಲದ ಪರದೆಯಲ್ಲಿ ಕನ್ನಡಕವಿಲ್ಲದ ನನಗೇ ಕಂಡಿತು. ಇದೆ ಎಂದೆ. ಬಲಗಣ್ಣೂ ಎಷ್ಟು ಹೋಗಿದೆ ಎನ್ನುವುದು ನನಗೆ ಆಗ ಗೊತ್ತಾಯಿತು. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ಹೋಗಿತ್ತು. ಶಾರದೆಯ ಫೋನು ಕಟ್ ಮಾಡಿದೆ.

ಆಕ್ಸಲ್ ಸರಿಹೊಂದುತ್ತದೆ ಎಂದಾದ ಮೇಲೆ ಕೊಡುವ ಮಾತು. ಔಸೇಪ್ ಕೊಡುತ್ತೇನೆ ಎಂದ. ಯಾವಾಗ ಎಂದರೆ, ಮಳೆಗಾಲ ಮುಗಿದ ಮೇಲೆ. ದೀಪಾವಳಿ ಹೊತ್ತಿಗೆ ಬರುವ ತುಲಾ ಮಾಸದ ಮಳೆಯೂ ಮುಗಿಯಬೇಕು. ಕೆಸರಿನಲ್ಲಿ ಮುಂದಿನ ಚಕ್ರ ಎಳೆಯದಿದ್ದರೆ ಅವನಿಗೆ ಕೆಲಸವಿಲ್ಲ. ಅಂದರೆ ಇನ್ನು ಆರು ತಿಂಗಳು. ಆಮೇಲೆ ಅದನ್ನು ಸಾಗಿಸಿ, ಬಿರಡೆ ಕಿತ್ತು, ಬ್ರಾಕೆಟ್ಟು ಕೂರಿಸಿ. ನಾಣಿ ಆಗಲಿ, ಆಗಲಿ ಎಂದು ತಲೆಯಾಡಿಸುತ್ತಿದ್ದ, ಒಳ್ಳೆಯ ಸುದ್ದಿ ಕೇಳಿದವನ ಹಾಗೆ. ಅದನ್ನು ನೋಡಲು ನನ್ನಿಂದಾಗಲಿಲ್ಲ.

"ಸುಧಾ, ಆಯಪ್ಪಂಗೆ ಹೇಳು. ಇವನಿಗೆ ಕಣ್ಣು ಹೋಗ್ತಾ ಇದೆ. ಒಂದು ಹೋಗಿದೆ, ಇನ್ನೊಂದು ಮುಕ್ಕಾಲು ಹೋಗಿದೆ. ಆರು ತಿಂಗಳಿಗೆ ಇವನು ಏನನ್ನೂ ಓಡಿಸಲ್ಲ ಅಂತ ಹೇಳು."

"ಅಕ್ಕ," ಎಂದ ನಾಣಿ. ಅಷ್ಟೇ. ಅವನು ಹಾಗೆ ನನ್ನ ಮೇಲೆ ಸಿಟ್ಟಾದದ್ದು ಅವನ ಮದುವೆಯಾದಾಗಿನಿಂದ ನಾನು ಕಂಡಿಲ್ಲ. ಮಾತು ಕೊಟ್ಟಿದ್ದೆ, ಮುರಿದೆ. ಅದಕ್ಕೆ ನಾನು ಕ್ಷಮೆ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಸುಧಾಗೆ ಅದು ಹೊಸ ಸುದ್ದಿ. ತಡವರಿಸುತ್ತ ಹೇಳಿದಳು. ಔಸೇಪ್ ಅಯ್ಯೋ ಪಾಪ ಅನ್ನಲಿಲ್ಲ, ಆಕ್ಸಲ್ ಬಿಚ್ಚುತ್ತೇನೆ ಎಂದೂ ಅನ್ನಲಿಲ್ಲ. ಹೊಲದ ಕಡೆ ಒಮ್ಮೆ ನೋಡಿದ. ಅಲ್ಲಿ ಎಡಕ್ಕೆ ಕಲ್ಲಿನ ಕಟ್ಟೆ, ಬಲಕ್ಕೆ ಒಂದು ಹಲಸಿನ ಮರ, ನಡುವೆ ಬರೀ ಕೆಸರು. ಲಾರಿಯ ಬಾಗಿಲು ತೆಗೆದು, ನಾಣಿಯ ತೋಳು ಹಿಡಿದು ಡ್ರೈವರ್ ಸೀಟಿಗೆ ಹತ್ತಿಸಿದ. ಅವನ ಕೈಯನ್ನು ಆ ಸಣ್ಣ ಗೇರಿನ ಮೇಲಿಟ್ಟು, ಎರಡು ಬೆರಳು ಎತ್ತಿ, ಮುಂದಿನ ಚಕ್ರ ಎಂದು ಸನ್ನೆಯಲ್ಲಿ ತೋರಿಸಿದ. ನಾಣಿಗೆ ತೋರಿಸಬೇಕಾಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಆ ಕಡೆಯ ಬಾಗಿಲು ತೆಗೆದ.

"ನೀವು ಪಕ್ಕದಲ್ಲಿ ಕೂತು ದಾರಿ ಹೇಳ್ಬೇಕಂತೆ ದೊಡ್ಡಮ್ಮ," ಎಂದಳು ಸುಧಾ. "ಅವರಿಗೆ ಕನ್ನಡ ಬರಲ್ವಲ್ಲ."

ಹತ್ತಿದೆ. ಎಪ್ಪತ್ತೇಳನೆಯ ವರ್ಷದಲ್ಲಿ, ಗ್ರೀಸಾದ ಸೀರೆಯಲ್ಲಿ. ಔಸೇಪ್ ನಾಣಿಯ ಕಡೆಯ ಫುಟ್‌ಬೋರ್ಡಿನ ಮೇಲೆ ನಿಂತು, ಒಂದು ಕೈಯನ್ನು ಒಳಗೆ ಸ್ಟಿಯರಿಂಗಿನ ಹತ್ತಿರ ಇಟ್ಟುಕೊಂಡ. ನಾಣಿ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಗೇರು ಹಾಕಿದ. ಲಾರಿ ಒಂದು ಸಲ ಕೊಸರಿತು, ಕೆಸರಿಗೆ ಇಳಿಯಿತು. ಹಿಂದಿನ ಚಕ್ರ ಜಾರಿತು, ಜಾರಿದ್ದು ಮೂಳೆಗೆ ಗೊತ್ತಾಗುತ್ತದೆ. ಅವನು ಆ ಸಣ್ಣ ಗೇರು ಎಳೆದ. ಆಗ ಮುಂದಿನಿಂದ ಯಾರೋ ಹಗ್ಗ ಹಿಡಿದು ಎಳೆದ ಹಾಗೆ ಗಾಡಿ ಹೋಯಿತು.

ನಾನು ಎಡಕ್ಕೆ ಎಂದೆ. ಎಡಕ್ಕೆ ಹೋದ. ಸಾಕು, ನೇರ, ಎಂದೆ. ಕಟ್ಟೆ ಬಂತು ನಿಲ್ಲಿಸೋ ಕತ್ತೆ ಎಂದೆ. ನಿಲ್ಲಿಸಿದ. ರಿವರ್ಸ್ ಮಾತ್ರ ಔಸೇಪ್ ಹೇಳಿದ ಹಾಗೆ ತೆಗೆದ, ಅದು ಹೇಗೆ ತಿಳಿ​ಯಿತೋ ಅವರಿಬ್ಬರಿಗೇ ಗೊತ್ತು. ಹೊಲ ಪೂರ್ತಿ ಒಂದು ಸುತ್ತು ಹಾಕಿ, ಹೊರಟ ಜಾಗಕ್ಕೆ ತಂದು ನಿಲ್ಲಿಸಿದ. ನನ್ನ ಸೊಂಟ ಎರಡು ಕಡೆ ಹಿಡಿದುಕೊಂಡಿತ್ತು. ಸುಧಾ ಗಡಿಯಾರ ತೋರಿಸುತ್ತಿದ್ದಳು, ಸಂಜೆಯ ರೈಲಿಗೆ ಇನ್ನೂ ಬಟ್ಟೆ ಸಹ ತುಂಬಿರಲಿಲ್ಲ.

ನಾಣಿ ಎಂಜಿನ್ನು ಆರಿಸಲಿಲ್ಲ. ಎದುರಿಗೇ ಮುಖ ಇಟ್ಟುಕೊಂಡು, "ಇನ್ನೊಂದು ಸುತ್ತು," ಎಂದ. ಸಿಟ್ಟಾದ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು ಅದು, ಅದರಲ್ಲಿ ಸಿಟ್ಟಿರಲಿಲ್ಲ.

ಹೋಗು ಎಂದೆ. ಬಲಕ್ಕೆ ಹಲಸಿನ ಮರ ಇದೆ, ನೋಡ್ಕೊಂಡು ಹೋಗು ಎಂದೆ. ನೋಡ್ಕೊಂಡು ಅಂದದ್ದು ತಪ್ಪಾಯಿತು. ನಾನು ಹೂಂ ಅನ್ನುವ ತನಕ ಬಲಕ್ಕೆ ತಿರುಗಿಸಬೇಡ ಎಂದು ತಿದ್ದಿ ಹೇಳಿದೆ.